ಬಾದಾಮಿ, ಐಹೊಳೆ, ಪಟ್ಟದಕಲ್ಲು: ಬಿಸಿಲು ನೋಡಿ ಹೊರಡಿ

ಮೂರೂ ಊರನ್ನು ಒಂದೇ ದಿನದಲ್ಲಿ ತೋರಿಸಿಬಿಡುತ್ತೇವೆ ಎನ್ನುವ ಟ್ಯಾಕ್ಸಿಯವರಿಗೆ ದೂರದಿಂದಲೇ ಕೈಮುಗಿಯಿರಿ. ಆ ಲೆಕ್ಕದಲ್ಲಿ ನೀವು ನೋಡುವುದು ವಾಹನ ನಿಲುಗಡೆಯ ಜಾಗಗಳನ್ನೇ ಹೆಚ್ಚು. ಎರಡು ದಿನ ಇಟ್ಟುಕೊಂಡು ಬಾದಾಮಿಯಲ್ಲಿ ತಂಗಿರಿ. ಯಾವ ಗುಡಿಗೆ ಯಾವ ಹೊತ್ತಿಗೆ ಹೋಗಬೇಕೆಂಬುದನ್ನು ಬಿಸಿಲೇ ತೀರ್ಮಾನಿಸಲಿ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರುವರಿವರೆಗೆ ಹಿತವಾದ ಕಾಲ. ಏಪ್ರಿಲ್‌ನಲ್ಲಿ ಅಲ್ಲಿನ ಬಂಡೆ ಕಾದ ಹೆಂಚು. ಹೋಗಲೇಬೇಕಾದರೆ ಚೀಲದಲ್ಲಿ ಕಾಲುಚೀಲ ಇರಲಿ, ಪೂಜೆ ನಡೆಯುವ ಗುಡಿಗಳಲ್ಲಿ ಚಪ್ಪಲಿ ಬಿಡಬೇಕು. ಶುಕ್ರವಾರ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ರಜೆ. ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ, ಆಟೊ ಸಿಗುತ್ತದೆ. ಪಟ್ಟದಕಲ್ಲಿಗೆ ಬಸ್ಸಿನಲ್ಲಿ ಹೋಗಬಹುದು, ಐಹೊಳೆಗೆ ಬಸ್ಸು ನಂಬಿ ಕೂರಬೇಡಿ. ಮೂರೂ ಕಡೆ ಬೇರೆ ಬೇರೆ ಟಿಕೆಟ್. ಮೊಬೈಲ್‌ನಲ್ಲಿ ಹಣ ಹೋಗದಿದ್ದರೆ ಎಂದು ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಮೊದಲ ದಿನ ಐಹೊಳೆ

ಸುಮಾರು 35 ಕಿ.ಮೀ. ದಾರಿ. ಬೆಳಿಗ್ಗೆ ಬೇಗ ಹೊರಟು ಮೊದಲು ಮೇಗುತಿ ಗುಡ್ಡ ಹತ್ತಿ; ಹೊತ್ತೇರಿದ ಮೇಲೆ ಆ ಮೆಟ್ಟಿಲು ಬೇಡ. ಮೇಲಿನ ಜೈನ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ ಕವಿ ರವಿಕೀರ್ತಿ, ಕಾಳಿದಾಸ, ಭಾರವಿಯರ ಸಾಲಿನಲ್ಲಿ ತನ್ನನ್ನೂ ನಿಲ್ಲಿಸಿಕೊಂಡಿದ್ದಾನೆ. ಸಂಕೋಚದ ಮನುಷ್ಯನಲ್ಲ.

ಇಳಿದು ದುರ್ಗ ಗುಡಿಗೆ ಬನ್ನಿ. ಹಿಂಭಾಗ ದುಂಡಗಿರುವ ಈ ಗುಡಿಯ ಸುತ್ತ ಕಂಬಗಳ ಜಗುಲಿಯಿದೆ. ಒಳಗೆ ನುಗ್ಗುವ ಮೊದಲು ಜಗುಲಿಯಲ್ಲೇ ಒಂದು ಪ್ರದಕ್ಷಿಣೆ ಹಾಕಿ: ವರಾಹ, ನರಸಿಂಹ, ಮಹಿಷಮರ್ದಿನಿ, ಹರಿಹರ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಪಕ್ಕದ ಲಾಡ್ ಖಾನ್ ಗುಡಿಯ ಚಾವಣಿ ನೋಡದೆ ಬರಬೇಡಿ. ಇಳಿಜಾರು ಚಪ್ಪಡಿಗಳ ಸಂದಿಗಳ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳಿವೆ, ಮರದ ಮನೆ ಕಟ್ಟಿದವರ ಕೈಚಳಕವೇ ಕಲ್ಲಿಗೆ ಬಂದಂತಿದೆ. ಊರಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ; ಎಲ್ಲವನ್ನೂ ನೋಡುವ ಹಟ ಬಿಟ್ಟು, ರಾವಳಫಡಿ ಗುಹೆ ಮುಗಿಸಿ ಹಿಂದಿರುಗಿ. ಬಾದಾಮಿಯ ಅಗಸ್ತ್ಯ ತೀರ್ಥವೆಂಬ ಕೆರೆಯ ಪೂರ್ವ ದಂಡೆಯ ಭೂತನಾಥ ಗುಡಿಗೆ ಸಂಜೆಬಿಸಿಲು ನೇರ ಬೀಳುತ್ತದೆ, ಆ ಹೊತ್ತಿಗೆ ಅಲ್ಲಿರಿ.

ಎರಡನೆಯ ದಿನ ಪಟ್ಟದಕಲ್ಲು

22 ಕಿ.ಮೀ. ಅಷ್ಟೇ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ವಿರೂಪಾಕ್ಷ ಗುಡಿ ಪೂರ್ವಕ್ಕೆ, ಮಲಪ್ರಭೆಯ ಕಡೆಗೆ ಮುಖ ಮಾಡಿದೆ. ಬೆಳಗಿನ ಬೆಳಕು ಮಂಟಪದೊಳಗೆ ಬಂದಾಗಲೇ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಪುಟ್ಟ ಕೆತ್ತನೆಗಳು ಸ್ಪಷ್ಟವಾಗುತ್ತವೆ. ರಾವಣನ ಮೇಲೆರಗುವ ಜಟಾಯುವನ್ನು ಹುಡುಕುವ ಕೆಲಸ ಮಕ್ಕಳಿಗೆ ಕೊಡಿ. ಚಾಲುಕ್ಯ ಅರಸ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯಿದು. ಗೆದ್ದ ಅರಸ ಅಲ್ಲಿನ ಕೈಲಾಸನಾಥನ ಸಂಪತ್ತನ್ನು ದೇವರಿಗೇ ಹಿಂದಿರುಗಿಸಿ, ಅದೇ ಗುಡಿಯಲ್ಲಿ ಕನ್ನಡ ಶಾಸನ ಬರೆಸಿದ್ದಾನೆ. ಇಲ್ಲಿ ಪೂರ್ವ ದ್ವಾರದಲ್ಲಿ ಶಿಲ್ಪಿ ಗುಂಡನ ಹೆಸರಿದೆ.

ನಂತರ ಅಂಗಳದಲ್ಲಿ ನಿಂತು ಶಿಖರಗಳನ್ನು ಹೋಲಿಸಿ. ಗಳಗನಾಥದ್ದು ಬಾಗಿಕೊಂಡು ಮೇಲೇರುವ ನಾಗರ ಶೈಲಿ, ಸಂಗಮೇಶ್ವರದ್ದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶೈಲಿ. ಎರಡೂ ಒಂದೇ ಆವರಣದಲ್ಲಿವೆ. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಆವರಣದಲ್ಲಿ ಇಷ್ಟನ್ನು ಕಣ್ಣಾರೆ ಕಂಡರೆ ಸಾಕು, ಗೈಡ್ ಹೇಳುವ ಉಳಿದದ್ದು ತಾನಾಗಿ ತಲೆಗೆ ಹತ್ತುತ್ತದೆ. ಅಂದಹಾಗೆ, ಗೈಡ್‌ನ ದರವನ್ನು ಮೊದಲೇ ಮಾತಾಡಿಕೊಳ್ಳಿ.

ಬರುವಾಗ ಮಹಾಕೂಟದ ಹೊಂಡ ನೋಡಿ, ಊಟಕ್ಕೆ ಬನಶಂಕರಿಗೆ ಹೋಗಿ. ಗುಡಿಯ ಬಳಿ ಹೆಂಗಸರು ಬುಟ್ಟಿಯಲ್ಲಿ ತಂದ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. ಹೋಟೆಲಿನ ಊಟ ಇದರ ಮುಂದೆ ಸಪ್ಪೆ.

ಕೊನೆಗೆ ಗುಹೆಗಳು

ಮೂರೂವರೆಯ ಹೊತ್ತಿಗೆ ಬಾದಾಮಿಯ ಮೇಣಬಸದಿ, ಅಂದರೆ ಬಂಡೆಯಲ್ಲಿ ಕೊರೆದ ನಾಲ್ಕು ಗುಹಾಲಯಗಳನ್ನು ಹತ್ತಿ. ಮೊದಲ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜನ ಎದುರು ಎಲ್ಲರೂ ನಿಲ್ಲುತ್ತಾರೆ. ಬಾಗಿಲಿನ ಇನ್ನೊಂದು ಬದಿಯ ದ್ವಾರಪಾಲಕನ ಕೆಳಗೂ ಬಗ್ಗಿ ನೋಡಿ. ಎರಡು ದೇಹಕ್ಕೆ ಒಂದೇ ತಲೆ: ಒಂದು ದೇಹವನ್ನು ಅಂಗೈಯಿಂದ ಮರೆಮಾಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಬಸವ. ಕೈ ಗಾಳಿಯಲ್ಲಿರಲಿ, ಕಲ್ಲಿಗೆ ತಾಗಿಸಬೇಡಿ. ಸಮಯ ಕಡಿಮೆಯಿದ್ದರೆ ಎರಡನೆಯದನ್ನು ಬೇಗ ಮುಗಿಸಿ ಮೂರನೆಯದಕ್ಕೆ ಹೋಗಿ. ಚಾಲುಕ್ಯ ವಂಶದ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ್ದೆಂದು ಶಾಸನವೇ ಹೇಳುವ ಇದು ನಾಲ್ಕರಲ್ಲಿ ಅತಿ ದೊಡ್ಡದು. ನಾಲ್ಕನೆಯದು ಜೈನರದು, ಚಿಕ್ಕದು, ಅಲ್ಲಿಂದ ಕೆರೆಯ ನೋಟ ಚೆನ್ನ. ಮೆಟ್ಟಿಲಿನುದ್ದಕ್ಕೂ ಕೋತಿಗಳ ಕಾಟವಿದೆ: ಬಾಳೆಹಣ್ಣು, ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಎರಡನ್ನೂ ವಾಹನದಲ್ಲೇ ಬಿಡಿ, ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಳ್ಳಬೇಡಿ.