ತೆಳು ಪಟ್ಟಿಯ ನಡುಕ ನಿಲ್ಲಿಸುವುದು: ಮೇಜಿನ ಮೇಲೆ ಒಂದು ಪ್ರಯೋಗ

1990ರಲ್ಲಿ ಹಾರಿದ ಹಬಲ್ ದೂರದರ್ಶಕ ನೆರಳಿನಿಂದ ಬಿಸಿಲಿಗೆ ಬಂದಾಗಲೆಲ್ಲ ಅದರ ಸೌರಫಲಕಗಳು ನಡುಗುತ್ತಿದ್ದವು. 1993ರಲ್ಲಿ ಗಗನಯಾತ್ರಿಗಳು ಫಲಕಗಳನ್ನೇ ಬದಲಿಸಬೇಕಾಯಿತು. ತೂಕ ಉಳಿಸಲು ತೆಳುವಾಗಿ ಮಾಡಿದ ರಚನೆ ಒಮ್ಮೆ ಅಲುಗಿದರೆ ಬೇಗ ನಿಲ್ಲುವುದಿಲ್ಲ. ತಡೆಯಲು ಅಲ್ಲಿ ಗಾಳಿಯೂ ಇಲ್ಲ ಅಲ್ವಾ?

ಅದನ್ನು ನಿಲ್ಲಿಸುವುದು ಹೇಗೆಂದು ಕಲಿಯಲು ಅರ್ಧ ಮೀಟರ್ ಉದ್ದ, 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಸಾಕು. ಒಂದು ತುದಿಯನ್ನು ಗಟ್ಟಿಯಾಗಿ ಬಿಗಿಯಿರಿ. ಅಗಲದ ಬದಿ ನೆಟ್ಟಗಿರಲಿ, ಆಗ ಪಟ್ಟಿ ತನ್ನ ಭಾರಕ್ಕೆ ಬಾಗುವುದಿಲ್ಲ. ಲೆಕ್ಕದ ಪ್ರಕಾರ ಇದರ ಮೊದಲ ಮೂರು ಸಹಜ ಕಂಪನಗಳು ಸುಮಾರು 3.3, 20 ಮತ್ತು 57 ಹರ್ಟ್ಸ್.

ಬಿಗಿದ ತುದಿಯ ಹತ್ತಿರವೇ ಎರಡು ಪೀಜೋ ತುಣುಕು (ಎಳೆದರೆ ವಿದ್ಯುತ್ ಕೊಡುವ, ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ವಸ್ತು) ಅಂಟಿಸಿ. ಎಳೆತ ಅಲ್ಲೇ ಜಾಸ್ತಿ. ಒಂದು ಮುಖದ್ದು ಸೆನ್ಸರ್, ಅದರ ಬೆನ್ನಿಗೇ ಇರುವುದು ಆಕ್ಚುಯೇಟರ್. ಅಳೆಯುವುದೂ ತಳ್ಳುವುದೂ ಒಂದೇ ಜಾಗದಲ್ಲಿರಲಿ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಆಕ್ಚುಯೇಟರಿಗೆ ನೂರಾರು ವೋಲ್ಟ್ ಬೇಕಾಗಬಹುದು, ತಂತಿ ಮುಟ್ಟಬೇಡಿ.

ಸೆನ್ಸರಿನ ವಿದ್ಯುದಂಶ ಬೇಗ ಸೋರಿಹೋಗುತ್ತದೆ. 20 ನ್ಯಾನೋಫ್ಯಾರಡ್ ತುಣುಕಿಗೆ 1 ಮೆಗಾಓಮ್ ರೋಧದ ಇನ್‌ಪುಟ್ ಕೊಟ್ಟರೆ 8 ಹರ್ಟ್ಸ್‌ಗಿಂತ ಕೆಳಗಿನದು ಸೊರಗುತ್ತದೆ. ನಮಗೆ ಬೇಕಾದ್ದು 3.3! 100 ಮೆಗಾಓಮ್ ಇಡಿ, ಇಲ್ಲವೇ ವಿದ್ಯುದಂಶವನ್ನೇ ವೋಲ್ಟೇಜಾಗಿಸುವ ಚಾರ್ಜ್ ಆಂಪ್ಲಿಫೈಯರ್ ಬಳಸಿ.

ನಿಯಂತ್ರಣ ಕೊಡುವ ಮೊದಲು ತುದಿಯನ್ನು ಎಳೆದು ಬಿಡಿ. ಓಲಾಟ ಅರ್ಧಕ್ಕಿಳಿಯಲು ಎಷ್ಟು ಸುತ್ತು ಬೇಕೆಂದು ಎಣಿಸಿ, 0.11ನ್ನು ಅದರಿಂದ ಭಾಗಿಸಿ. ಅದೇ ಡ್ಯಾಂಪಿಂಗ್ ಅನುಪಾತ, ಅಂದರೆ ಓಲಾಟ ಎಷ್ಟು ಬೇಗ ಅಡಗುತ್ತದೆಂಬುದರ ಅಳತೆ. ನಿಜವಾದ ಆವರ್ತನವನ್ನೂ ಆಗಲೇ ಅಳೆಯಿರಿ, ತುಣುಕು ಅಂಟಿಸಿದ ಮೇಲೆ ಅದು ಸ್ವಲ್ಪ ಬದಲಾಗಿರುತ್ತದೆ.

ವೇಗಕ್ಕೆ ವಿರುದ್ಧವಾಗಿ ತಳ್ಳಿದರಾಯಿತು ಎಂದು ಹಲವರಿಗೆ ಅನಿಸುತ್ತದೆ. ಆದರೆ ಸೆನ್ಸರ್ ಓದಿ ಆಕ್ಚುಯೇಟರ್ ನಡೆಸುವ ಪುಟ್ಟ ಚಿಪ್, ಅಂದರೆ ನಿಮ್ಮ ಮೈಕ್ರೋಕಂಟ್ರೋಲರ್, 10 ಮಿಲಿಸೆಕೆಂಡ್ ತಡ ಮಾಡಿತು ಅನ್ನಿ. 3.3 ಹರ್ಟ್ಸ್‌ನಲ್ಲಿ ಅದು ಬರೀ 12 ಡಿಗ್ರಿ. 57ರಲ್ಲಿ 205 ಡಿಗ್ರಿ! ತಡೆಯಬೇಕಾದ ಕೈಯೇ ಅಲ್ಲಿ ತಳ್ಳತೊಡಗುತ್ತದೆ. ತುದಿ ಶಾಂತವಾಗಿ ಕಂಡರೂ ಪಟ್ಟಿ ಗುಂಯ್ ಎನ್ನುತ್ತದೆ.

ಅದಕ್ಕೇ ನನ್ನ ಆಯ್ಕೆ, ವೇಗದ ಬದಲು ಪಟ್ಟಿ ಬಾಗಿದ ಪ್ರಮಾಣವನ್ನೇ ಸೋಸಿ ಮರಳಿಸುವ ಪಾಸಿಟಿವ್ ಪೊಸಿಷನ್ ಫೀಡ್‌ಬ್ಯಾಕ್. ಸೆನ್ಸರ್ ಸಂಕೇತವನ್ನು ಮೊದಲ ಆವರ್ತನಕ್ಕೆ ಹೊಂದಿಸಿದ ಎರಡನೇ ದರ್ಜೆಯ ಫಿಲ್ಟರ್ ಮೂಲಕ ಆಕ್ಚುಯೇಟರಿಗೆ ಕಳಿಸಿ. ಫಿಲ್ಟರಿನ ಡ್ಯಾಂಪಿಂಗ್ 0.3ರಿಂದ ಶುರುಮಾಡಿ. ಮೇಲಿನ ಕಂಪನಗಳನ್ನು ಅದು ತಾನಾಗಿಯೇ ಸೋಸುತ್ತದೆ. ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ನಿಧಾನಕ್ಕೆ ಏರಿಸಿ. ಪಟ್ಟಿ ಒಂದೇ ಕಡೆಗೆ ವಾಲಿ ನಿಂತರೆ ಗೇನ್ ಅತಿಯಾಯಿತು, ಇಳಿಸಿ.

ಕೊನೆಗೆ ತುದಿಗೆ ಒಂದು ಸಣ್ಣ ತೂಕ ಅಂಟಿಸಿ ಮತ್ತೆ ಎಳೆದು ಬಿಡಿ. ಈಗ ಆವರ್ತನ ಇಳಿದಿರುತ್ತದೆ. ಫಿಲ್ಟರನ್ನು ಮುಟ್ಟದೆ ಡ್ಯಾಂಪಿಂಗ್ ಎಷ್ಟು ಕುಸಿಯಿತೆಂದು ಅಳೆದು ಬರೆದಿಡಿ.