ಚೆಂಡು ಇಲ್ಲದವರ ಓಟ: ಜಪಾನ್ ರಗ್ಬಿ ತಂಡದಿಂದ ನಾನು ಕಲಿತ ದಾಳಿ

ರಗ್ಬಿ ನೋಡುವಾಗ ಕಣ್ಣು ತಾನಾಗಿಯೇ ಚೆಂಡಿನ ಹಿಂದೆ ಓಡುತ್ತದೆ. ತರಬೇತುದಾರನಾಗಬೇಕೆಂದು ಹೊರಟವನು ಮೊದಲು ಬಿಡಬೇಕಾದ ಅಭ್ಯಾಸ ಅದು. ಬೆಂಗಳೂರಿನ ಕ್ಲಬ್ ತಂಡವೊಂದಕ್ಕೆ ಹದಿನೈದು ಜನರ ಆಟವನ್ನು ಕಲಿಸುತ್ತಿರುವ ನಾನು ದಾಳಿಯ ಪಾಠ ಕಲಿತದ್ದು ಜಪಾನ್ ರಾಷ್ಟ್ರೀಯ ತಂಡದ ಪಂದ್ಯಗಳಿಂದ. ಆ ಪಂದ್ಯಗಳನ್ನು ಚೆಂಡಿನ ಮೇಲೆ ಗಮನವಿಡದೆ ಮತ್ತೆ ಮತ್ತೆ ನೋಡಿದೆ. ಚೆಂಡು ಒಬ್ಬನ ಕೈಯಲ್ಲಿರುತ್ತದೆ. ಉಳಿದ ಹದಿನಾಲ್ಕು ಜನ ಆ ಕ್ಷಣದಲ್ಲಿ ಎಲ್ಲಿದ್ದಾರೆ, ಯಾರು ಎದ್ದು ಓಡುತ್ತಿದ್ದಾರೆ, ಯಾರು ನಡೆಯುತ್ತಿದ್ದಾರೆ ಎಂಬುದರಲ್ಲೇ ದಾಳಿಯ ಗುಟ್ಟು ಇದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಜಪಾನ್ ತಂಡವನ್ನೇ ಏಕೆ ಆರಿಸಿಕೊಂಡೆ ಎಂದು ಆಟಗಾರರು ಕೇಳುತ್ತಾರೆ. ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ತಂಡಗಳ ಆಟ ಅದ್ಭುತ, ಆದರೆ ಅವರ ಮೈಕಟ್ಟು ನಮಗಿಲ್ಲ. ಜಪಾನಿನ ಎದುರಿಗಿದ್ದ ಪ್ರಶ್ನೆ ನಮ್ಮದೇ ಪ್ರಶ್ನೆ: ನಮಗಿಂತ ಎತ್ತರದ, ತೂಕದ ಜನರ ಗೋಡೆಯನ್ನು ದಾಟುವುದು ಹೇಗೆ? 1995ರ ವಿಶ್ವಕಪ್‌ನಲ್ಲಿ ಬ್ಲೂಮ್‌ಫಾಂಟೇನ್‌ನಲ್ಲಿ ನ್ಯೂಜಿಲೆಂಡ್ ಇದೇ ಜಪಾನನ್ನು 145–17ರಿಂದ ಸೋಲಿಸಿತ್ತು. ಇಪ್ಪತ್ತು ವರ್ಷಗಳ ನಂತರದ ವಿಶ್ವಕಪ್‌ನಲ್ಲಿ, 2015ರ ಸೆಪ್ಟೆಂಬರ್ 19ರಂದು ಬ್ರೈಟನ್‌ನಲ್ಲಿ ಜಪಾನ್ 34–32ರಿಂದ ದಕ್ಷಿಣ ಆಫ್ರಿಕಾವನ್ನು ಸೋಲಿಸಿತು. ಆ ಎರಡು ಅಂಕಪಟ್ಟಿಗಳ ನಡುವೆ ಏನಾಯಿತು ಎಂಬುದೇ ನನ್ನ ಅಧ್ಯಯನದ ವಿಷಯವಾಯಿತು.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಆದ್ದರಿಂದ ದಾಳಿ ಮಾಡುವವರೆಲ್ಲ ಚೆಂಡಿನ ಹಿಂದಿನಿಂದಲೇ ಓಡಿ ಬರಬೇಕು. ಟ್ಯಾಕಲ್ ಆಗಿ, ಅಂದರೆ ಎದುರಾಳಿ ಹಿಡಿದು ಕೆಡವಿ, ನೆಲಕ್ಕೆ ಬಿದ್ದವನು ಚೆಂಡನ್ನು ಬಿಡಲೇಬೇಕು. ಅದರ ಮೇಲೆ ಎರಡೂ ಕಡೆಯವರು ನಿಂತುಕೊಂಡೇ ತಳ್ಳಾಡುವುದಕ್ಕೆ ರಕ್ ಎನ್ನುತ್ತಾರೆ. ಒಂದು ಪಂದ್ಯದಲ್ಲಿ ಇಂತಹ ರಕ್‌ಗಳು ನೂರನ್ನು ದಾಟುವುದು ಸಾಮಾನ್ಯ.

ಇನ್ನು ಲೆಕ್ಕ ಮಾಡಿ. ಒಂದು ರಕ್‌ನಲ್ಲಿ ದಾಳಿಯ ತಂಡದ ಚೆಂಡು ಒಯ್ದವನು, ಅವನ ಮೇಲಿಂದ ಎದುರಾಳಿಗಳನ್ನು ಸರಿಸುವ ಇಬ್ಬರು, ಚೆಂಡು ಹೊರತೆಗೆಯುವ ಸ್ಕ್ರಮ್ ಹಾಫ್, ಹೀಗೆ ನಾಲ್ವರು ಖರ್ಚಾಗುತ್ತಾರೆ. ರಕ್ಷಣೆಯ ಕಡೆ ಖರ್ಚಾಗುವುದು ಒಬ್ಬರೋ ಇಬ್ಬರೋ. ಅಂದರೆ ಪ್ರತಿ ರಕ್‌ನಲ್ಲೂ ಲೆಕ್ಕ ದಾಳಿಯವರ ವಿರುದ್ಧವೇ ಇರುತ್ತದೆ. ಈ ಕೊರತೆಯನ್ನು ತುಂಬುವುದು ವೇಗ ಒಂದೇ. ಮೂರು ಸೆಕೆಂಡಿನೊಳಗೆ ಚೆಂಡು ಹೊರಬಂದರೆ, ಎದುರಾಳಿಗಳಲ್ಲಿ ಕೆಲವರು ಇನ್ನೂ ಆಫ್‌ಸೈಡ್ ರೇಖೆಯ, ಅಂದರೆ ರಕ್‌ನಲ್ಲಿಲ್ಲದವರು ದಾಟಿ ನಿಲ್ಲಬಾರದ ಗೆರೆಯ, ಹಿಂದಕ್ಕೆ ಸರಿಯುತ್ತಲೇ ಇರುತ್ತಾರೆ, ಅವರ ಮುಖ ತಮ್ಮ ಗೋಲಿನ ಕಡೆಗೇ ತಿರುಗಿರುತ್ತದೆ. ಐದು ಸೆಕೆಂಡು ಹಿಡಿದರೆ ಗೋಡೆ ಮತ್ತೆ ಎದ್ದುನಿಂತಿರುತ್ತದೆ. ಜಗತ್ತಿನ ಬಲಿಷ್ಠ ತಂಡಗಳೆಲ್ಲ ತಮ್ಮ ಚೆಂಡಿನ ವೇಗವನ್ನು ಈ ಮೂರು ಸೆಕೆಂಡಿನ ಅಳತೆಯಲ್ಲೇ ನೋಡುವುದು ಇದೇ ಕಾರಣಕ್ಕೆ.

2012ರಿಂದ 2015ರವರೆಗೆ ಮುಖ್ಯ ತರಬೇತುದಾರರಾಗಿದ್ದ ಎಡ್ಡಿ ಜೋನ್ಸ್ ಜಪಾನಿಗೆ ಹಾಕಿಕೊಟ್ಟ ದಾರಿ ಇದೇ ವೇಗದ್ದು. ಮುಂಜಾನೆ ಕತ್ತಲಲ್ಲೇ ಶುರುವಾಗುವ ಅಭ್ಯಾಸ, ಮಿಯಾಜಾಕಿಯ ದೀರ್ಘ ಶಿಬಿರಗಳು, ತಗ್ಗಿ ಆಡುವ ದೇಹ, ಹತ್ತಿರ ಹತ್ತಿರದ ಪಾಸ್‌ಗಳು. ಇವುಗಳ ಹಿಂದೆ ಒಂದು ಸರಳ ವಿಚಾರವಿತ್ತು: ಗಾತ್ರದಲ್ಲಿ ಗೆಲ್ಲಲಾಗದಿದ್ದರೆ ಎದುರಾಳಿಗಿಂತ ಮೊದಲು ಎದ್ದು ನಿಲ್ಲುವುದರಲ್ಲಿ ಗೆಲ್ಲಬೇಕು. ಬ್ರೈಟನ್ ಪಂದ್ಯದ ಕೊನೆಯ ನಿಮಿಷ ಎಲ್ಲರಿಗೂ ನೆನಪಿದೆ. ಪೆನಾಲ್ಟಿ ಒದ್ದು ಸಮ ಮಾಡಿಕೊಳ್ಳುವ ಅವಕಾಶವನ್ನು ನಾಯಕ ಮೈಕಲ್ ಲೀಚ್ ಬಿಟ್ಟು ಸ್ಕ್ರಮ್, ಅಂದರೆ ಎರಡೂ ತಂಡಗಳ ಎಂಟೆಂಟು ಜನ ಬಾಗಿ ಹೆಣೆದುಕೊಂಡು ಚೆಂಡಿಗಾಗಿ ತಳ್ಳಾಡುವುದನ್ನು, ಆರಿಸಿದರು. ಮೊದಲು ಬಲಕ್ಕೆ ಒತ್ತಿದ ಜಪಾನ್ ಚೆಂಡನ್ನು ಇಡೀ ಮೈದಾನದಗಲ ಎಡಕ್ಕೆ ತಂದಿತು. ಅಮಾನಾಕಿ ಮಾಫಿ ಕೊಟ್ಟ ಪಾಸನ್ನು ಕಾರ್ನ್ ಹೆಸ್ಕೆತ್ ಎದುರಾಳಿಯ ಗೋಲುಗೆರೆಯಾಚೆ ಮೂಲೆಯಲ್ಲಿ ನೆಲಕ್ಕೆ ಒತ್ತಿದರು. ಹೀಗೆ ಒತ್ತಿ ಅಂಕ ಗಳಿಸುವುದಕ್ಕೆ ಟ್ರೈ ಎನ್ನುತ್ತಾರೆ. ಆ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಎಂಬತ್ತು ನಿಮಿಷ ಮುಗಿದ ಮೇಲೂ ಎಡಗಡೆಯಲ್ಲಿ ಆಟಗಾರರು ಅಗಲವಾಗಿ ಹರಡಿಕೊಂಡು ತಮ್ಮ ತಮ್ಮ ಜಾಗದಲ್ಲಿ ಸಿದ್ಧವಾಗಿ ನಿಂತಿದ್ದರು. ದಣಿದ ತಂಡ ಚೆಂಡಿನ ಸುತ್ತ ಗುಂಪುಗೂಡುತ್ತದೆ. ಇವರು ಗುಂಪುಗೂಡಲಿಲ್ಲ.

2016ರಲ್ಲಿ ಜಪಾನಿನ ಮುಖ್ಯ ತರಬೇತುದಾರರಾಗಿ ಜೇಮಿ ಜೋಸೆಫ್ ಬಂದರು, ದಾಳಿಯ ಹೊಣೆ ಟೋನಿ ಬ್ರೌನ್ ಅವರದಾಯಿತು. ಇಬ್ಬರೂ ನ್ಯೂಜಿಲೆಂಡಿನ ಹೈಲ್ಯಾಂಡರ್ಸ್ ತಂಡಕ್ಕೆ 2015ರಲ್ಲಿ ಹಲವು ದೇಶಗಳ ತಂಡಗಳು ಆಡುವ ಸೂಪರ್ ರಗ್ಬಿ ಟೂರ್ನಿಯ ಪ್ರಶಸ್ತಿ ತಂದುಕೊಟ್ಟವರು. ಇವರ ಕಾಲದಲ್ಲಿ ನಡೆದ ಒಂದು ಸಂಗತಿಗೆ ಸಲ್ಲಬೇಕಾದ ಮಹತ್ವ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಟೋಕಿಯೊದ ಸನ್‌ವುಲ್ವ್ಸ್ ತಂಡ 2016ರಿಂದ ಸೂಪರ್ ರಗ್ಬಿಯಲ್ಲಿ ಆಡುತ್ತಿತ್ತು. 2018ರಲ್ಲಿ ಅದರ ಮುಖ್ಯ ತರಬೇತುದಾರ ಸ್ವತಃ ಜೋಸೆಫ್, 2019ರಲ್ಲಿ ಬ್ರೌನ್. ಸನ್‌ವುಲ್ವ್ಸ್ ಗೆದ್ದ ಪಂದ್ಯಗಳು ಕಡಿಮೆ. ಆದರೆ ರಾಷ್ಟ್ರೀಯ ತಂಡದ ಆಟಗಾರರಿಗೆ ವಾರವಾರವೂ ಅದೇ ವಿನ್ಯಾಸ, ಅದೇ ಕೂಗು, ಅದೇ ಓಟದ ರೇಖೆಗಳು ಸಿಕ್ಕವು, ಅದೂ ತಮಗಿಂತ ಬಲವಾದ ಎದುರಾಳಿಗಳ ಮುಂದೆ. ರಾಷ್ಟ್ರೀಯ ತಂಡದ ದಾಳಿ ಹದಿನೈದು ದಿನಗಳ ಶಿಬಿರದಲ್ಲಿ ಹುಟ್ಟುವುದಿಲ್ಲ. ಆಟಗಾರ ಶಿಬಿರಕ್ಕೆ ಬರುವಾಗಲೇ ಅದು ಅವನ ಕಾಲಲ್ಲಿ ಇರಬೇಕು.

ಅದರ ಫಲ 2019ರ ವಿಶ್ವಕಪ್‌ನಲ್ಲಿ ಕಂಡಿತು. ಅಕ್ಟೋಬರ್ 13ರಂದು ಯೋಕೊಹಾಮಾದಲ್ಲಿ, ಹಗಿಬಿಸ್ ಚಂಡಮಾರುತ ಹಾದುಹೋದ ಮರುದಿನ, ಜಪಾನ್ 28–21ರಿಂದ ಸ್ಕಾಟ್ಲೆಂಡನ್ನು ಸೋಲಿಸಿ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. ಆ ಪಂದ್ಯದ ಎರಡನೆಯ ಜಪಾನಿ ಟ್ರೈ ನನ್ನ ಪಠ್ಯಪುಸ್ತಕ. ಹುಕರ್ ಶೋಟಾ ಹೊರಿಯೆ ಟ್ಯಾಕಲ್ ಆಗುತ್ತಲೇ ಚೆಂಡನ್ನು ಲಾಕ್ ಜೇಮ್ಸ್ ಮೂರ್‌ಗೆ ದಾಟಿಸುತ್ತಾರೆ. ಮೂರ್ ಬೀಳುತ್ತಾ ವಿಲಿಯಂ ಟುಪೊಗೆ, ಟುಪೊ ಕೀಟಾ ಇನಾಗಾಕಿಗೆ ಕೊಡುತ್ತಾರೆ. ಇನಾಗಾಕಿ ಗೋಲುಕಂಬಗಳ ನಡುವೆ ಚೆಂಡು ಒತ್ತುತ್ತಾರೆ. ಅವರು ಪ್ರಾಪ್, ಅಂದರೆ ಸ್ಕ್ರಮ್‌ನ ಮೊದಲ ಸಾಲಿನ ಭಾರಿ ಆಳು. ರಾಷ್ಟ್ರೀಯ ತಂಡಕ್ಕೆ ಅವರು ಗಳಿಸಿದ ಮೊದಲ ಟ್ರೈ ಅದು.

ಈ ತುಣುಕನ್ನು ನಮ್ಮ ಹುಡುಗರಿಗೆ ತೋರಿಸಿದಾಗ ಎಲ್ಲರೂ ಆ ಮೂರು ಆಫ್‌ಲೋಡ್‌ಗಳನ್ನು, ಅಂದರೆ ಟ್ಯಾಕಲ್ ಆಗುತ್ತಲೇ ಕೊಟ್ಟ ಪಾಸ್‌ಗಳನ್ನು, ಕಂಡು ಕೇಕೆ ಹಾಕಿದರು. ನಾನು ಹಿಂದಕ್ಕೆ ಸರಿಸಿ, ಹೊರಿಯೆ ಚೆಂಡು ಹಿಡಿಯುವ ಕ್ಷಣದಲ್ಲಿ ನಿಲ್ಲಿಸಿ, ಇನಾಗಾಕಿ ಎಲ್ಲಿದ್ದಾರೆ ಹುಡುಕಿ ಎಂದೆ. ಚೆಂಡು ತನಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಅಷ್ಟು ತೂಕದ ಮನುಷ್ಯ ಬೆಂಬಲಕ್ಕೆ ಓಡುತ್ತಲೇ ಇರುತ್ತಾರೆ. ಮೂರ್ ಕೂಡ, ಟುಪೊ ಕೂಡ. ಆಫ್‌ಲೋಡ್ ಎಂಬುದು ಕೈಚಳಕ ಎಂದು ಕಲಿಸುವ ತರಬೇತುದಾರರ ಜೊತೆ ನನಗೆ ಹೊಂದುವುದಿಲ್ಲ. ಕೈ ನೀಡಿದ ಕಡೆ ಮನುಷ್ಯ ಇಲ್ಲದಿದ್ದರೆ ಆ ಚಳಕದಿಂದ ಚೆಂಡು ಎದುರಾಳಿಯ ಪಾಲಾಗುತ್ತದೆ, ಅಷ್ಟೇ.

ನಮ್ಮಲ್ಲಿ ಕೆಲಸ ಶುರು ಮಾಡಿದ್ದು ವಿಡಿಯೊದಿಂದ. ಪಂದ್ಯವನ್ನು ಬದಿಯಿಂದ ಚಿತ್ರಿಸಿದರೆ ಚೆಂಡು ಚೆನ್ನಾಗಿ ಕಾಣುತ್ತದೆ, ಅಗಲ ಕಾಣುವುದಿಲ್ಲ. ಆದ್ದರಿಂದ ಗೋಲುಕಂಬದ ಹಿಂದೆ ಸಿಗುವ ಎತ್ತರದ ಜಾಗ ಹುಡುಕಿ, ಅದು ಪಕ್ಕದ ಕಟ್ಟಡದ ತಾರಸಿಯಾದರೂ ಸರಿ, ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇಡೀ ಪಂದ್ಯವನ್ನು ಅಲ್ಲಿಂದ ಸೆರೆಹಿಡಿದೆವು. ನಂತರ ಒಂದು ನೋಟ್‌ಬುಕ್‌ನಲ್ಲಿ ಪ್ರತಿ ರಕ್‌ಗೂ ಒಂದು ಸಾಲು ಬರೆದೆ: ಟ್ಯಾಕಲ್ ಆದಾಗಿನಿಂದ ಚೆಂಡು ಹೊರಬರುವವರೆಗೆ ಎಷ್ಟು ಸೆಕೆಂಡು, ಚೆಂಡು ಹೊರಬಂದ ಕ್ಷಣದಲ್ಲಿ ನಮ್ಮವರು ಎಷ್ಟು ಜನ ತಮ್ಮ ಜಾಗದಲ್ಲಿ ಮುಖ ಮುಂದೆ ಮಾಡಿ ನಿಂತಿದ್ದಾರೆ, ಎದುರಿನವರು ಎಷ್ಟು ಜನ. ದುಬಾರಿ ತಂತ್ರಾಂಶ ಬೇಕಿಲ್ಲ. ಈ ಮೂರು ಅಂಕಿಗಳು ಒಂದು ತಂಡದ ದಾಳಿಯ ಜಾತಕ ಹೇಳಿಬಿಡುತ್ತವೆ. ಟ್ರೈ ಬಂದ ಕಡೆಗಳಲ್ಲೆಲ್ಲ ಎರಡನೆಯ ಅಂಕಿ ದೊಡ್ಡದಿತ್ತು. ದಾಳಿ ಕುಸಿದ ಕಡೆಗಳಲ್ಲಿ, ಚೆಂಡು ಬೇಗ ಬಂದಿದ್ದರೂ, ಅದನ್ನು ಪಡೆಯಲು ಇಬ್ಬರೋ ಮೂವರೋ ಮಾತ್ರ ಸಿದ್ಧರಿದ್ದರು.

ವಿನ್ಯಾಸಕ್ಕೆ ಇಂದು ಹಲವು ರಾಷ್ಟ್ರೀಯ ತಂಡಗಳು ಬಳಸುವ 1-3-3-1 ಏರ್ಪಾಡನ್ನೇ ತೆಗೆದುಕೊಂಡೆ. ಸ್ಕ್ರಮ್‌ನಲ್ಲಿ ತಳ್ಳುವ ಎಂಟು ಫಾರ್ವರ್ಡ್‌ಗಳಲ್ಲಿ ತಲಾ ಒಬ್ಬರು ಎರಡು ಅಂಚುಗಳಲ್ಲಿ, ನಡುವೆ ಮೂವರ ಎರಡು ಪಾಡ್‌ಗಳು, ಅಂದರೆ ಗುಂಪುಗಳು. ದಾಳಿಯನ್ನು ನಡೆಸುವ ಫ್ಲೈ ಹಾಫ್ ಪಾಡ್‌ನ ಹಿಂದೆ ನಿಲ್ಲುತ್ತಾನೆ. ಚೆಂಡು ಪಾಡ್‌ನ ನಡುವಿನವನಿಗೆ ಬರುತ್ತದೆ. ಅವನು ತಾನೇ ನುಗ್ಗಬಹುದು, ಪಕ್ಕದವನಿಗೆ ಚಿಕ್ಕ ಪಾಸ್ ಕೊಡಬಹುದು, ಬೆನ್ನ ಹಿಂದಿನ ಫ್ಲೈ ಹಾಫ್‌ಗೆ ದಾಟಿಸಬಹುದು. ಎದುರಿನ ಮೂವರು ರಕ್ಷಕರು ಈ ನಾಲ್ಕು ಜನರಲ್ಲಿ ಯಾರ ಕೈಗಾದರೂ ಚೆಂಡು ಬರಬಹುದು ಎಂದು ನಂಬಬೇಕು. ಒಬ್ಬ ಸುಮ್ಮನೆ ನಿಂತರೂ ರಕ್ಷಕ ಅವನನ್ನು ಬಿಟ್ಟು ಮುಂದಿನವನ ಮೇಲೆ ಬೀಳುತ್ತಾನೆ, ಇಡೀ ಏರ್ಪಾಡು ಸುಳ್ಳಾಗುತ್ತದೆ.

ಇದನ್ನು ಕಲಿಸಲು ನಾನು ಮಾಡಿದ ಅಭ್ಯಾಸ ಹೀಗಿತ್ತು. ಮೂವರ ಪಾಡ್, ಹಿಂದೆ ಒಬ್ಬ, ಎದುರಿಗೆ ಟ್ಯಾಕಲ್ ಶೀಲ್ಡ್ ಎಂಬ ಮೆತ್ತನೆಯ ಗುರಾಣಿ ಹಿಡಿದ ಮೂವರು. ಮೂವರೂ ಮೊದಲು ನೆಲದ ಮೇಲೆ ಬೋರಲು ಮಲಗಿರಬೇಕು. ಸೀಟಿ ಊದಿದೊಡನೆ ಎದ್ದು ಓಡಿ, ಜಾಗಕ್ಕೆ ಬಂದು, ಕೈ ಎದೆಮಟ್ಟಕ್ಕೆ ಎತ್ತಿ ಚೆಂಡಿಗೆ ಗುರಿ ತೋರಿಸಬೇಕು. ಸ್ಕ್ರಮ್ ಹಾಫ್ ಮೂರು ಎಣಿಸಿ ಪಾಸ್ ಕೊಡುತ್ತಾನೆ, ಯಾರು ಬಂದಿರಲಿ, ಬಿಡಲಿ. ಚೆಂಡು ಗಾಳಿಯಲ್ಲಿರುವಾಗ ನಾನು ಶೀಲ್ಡ್ ಹಿಡಿದವರಲ್ಲಿ ಒಬ್ಬನಿಗೆ ಕೈಸನ್ನೆ ಮಾಡುತ್ತೇನೆ, ಅವನು ಒಳಗೋ ಹೊರಗೋ ಸರಿಯುತ್ತಾನೆ. ಚೆಂಡು ಹಿಡಿದವನು ಅವನು ಸರಿದದ್ದನ್ನು ನೋಡಿ ತೀರ್ಮಾನಿಸಬೇಕು. ಮೊದಲೇ ಹೇಳಿಕೊಟ್ಟ ನಡೆಯನ್ನು ಆಡುವಂತಿಲ್ಲ. ಮುಗಿದೊಡನೆ ಎಲ್ಲರೂ ಮತ್ತೆ ಬೋರಲು. ಉಸಿರು ಕಟ್ಟಿದಾಗಲೂ ಕಣ್ಣು ಎತ್ತಿ ನೋಡುವುದು ಅಭ್ಯಾಸವಾಗುವವರೆಗೆ ಇದನ್ನು ಬಿಡಲಿಲ್ಲ. ತೀರ್ಮಾನವನ್ನೂ ದಣಿವನ್ನೂ ಬೇರೆ ಬೇರೆಯಾಗಿ ಕಲಿಸಬಾರದು ಎಂಬುದು ನನ್ನ ಹಟ.

ನಮ್ಮ ಹುಡುಗರಿಗೆ ಒಂದು ಅನುಕೂಲ ಹುಟ್ಟಿನಿಂದಲೇ ಬಂದಿದೆ. ಹಲವರು ಕಬಡ್ಡಿ ಆಡಿ ಬಂದವರು. ಕಾಲು ಹಿಡಿದು ಎಳೆದರೂ ಮೈಯನ್ನು ಉದ್ದಕ್ಕೆ ಚಾಚಿ ನಡುಗೆರೆಗೆ ಬೆರಳು ಮುಟ್ಟಿಸುವ ರೈಡರ್‌ನ ಗುಣ ಅವರ ರಕ್ತದಲ್ಲಿದೆ. ರಗ್ಬಿಯಲ್ಲಿ ಟ್ಯಾಕಲ್ ಆದವನು ತನ್ನ ತಂಡದ ಕಡೆಗೆ ಹಾಗೆಯೇ ಉದ್ದಕ್ಕೆ ಚಾಚಿ ಚೆಂಡು ಇಡಬೇಕು. ಚೆಂಡು ಮೈಗೆ ಅಂಟಿಕೊಂಡಿದ್ದರೆ ಎದುರಾಳಿ ಬಾಗಿ ಕಸಿದುಕೊಳ್ಳುತ್ತಾನೆ, ತೋಳಿನಷ್ಟು ದೂರದಲ್ಲಿದ್ದರೆ ಅವನಿಗೆ ಎಟುಕುವುದಿಲ್ಲ. ದಿಕ್ಕು ತಿರುಗಿಸಿ ಚಾಚು ಎಂದಷ್ಟೇ ಹೇಳಬೇಕಾಯಿತು. ರಕ್‌ನ ವೇಗದಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಟ್ಟ ಬದಲಾವಣೆ ಇದೇ.

ಜಪಾನಿಗೆ ಇದ್ದು ನಮಗೆ ಇಲ್ಲದ್ದು ಸಮಯ. ಅವರ ಆಟಗಾರರು ತಿಂಗಳುಗಟ್ಟಲೆ ಒಟ್ಟಿಗಿದ್ದರು. ನಮ್ಮವರು ಕೆಲಸ, ಕಾಲೇಜು ಮುಗಿಸಿ ಸಂಜೆ ಬರುತ್ತಾರೆ, ಮೈದಾನದ ಅರ್ಧ ಭಾಗದಲ್ಲಿ ಫುಟ್‌ಬಾಲ್ ನಡೆಯುತ್ತಿರುತ್ತದೆ, ಹದಿನೈದು ಜನ ಸೇರಿದ ಸಂಜೆಯೇ ಹಬ್ಬ. ಹಾಗಾಗಿ ಜಪಾನಿನ ಆಟವನ್ನೆಲ್ಲ ಹೊತ್ತು ತರುವ ಆಸೆಯನ್ನು ಬಿಟ್ಟು ಎಂಟು ಜನರಿಂದ ಅಭ್ಯಾಸ ಮಾಡಬಹುದಾದಷ್ಟನ್ನೇ ಇಟ್ಟುಕೊಂಡೆ. ಒಂದು ಪಾಡ್, ಒಂದು ರಕ್, ಅಲ್ಲಿಂದ ಅಂಚಿನವರೆಗಿನ ಎರಡು ಪಾಸ್. ಅಂಚುಗೆರೆಯಾಚೆ ಹೋದ ಚೆಂಡನ್ನು ಎರಡು ಸಾಲುಗಳ ನಡುವೆ ಮತ್ತೆ ಎಸೆಯುವ ಲೈನ್‌ಔಟ್‌ನಿಂದ ಹೆಣೆಯುವ ಚೆಂದದ ನಡೆಗಳಿವೆ. ಬ್ರೈಟನ್‌ನಲ್ಲಿ ಅಯುಮು ಗೊರೊಮಾರು ಗಳಿಸಿ 29–29 ಮಾಡಿದ ಟ್ರೈ ಅಂಥದ್ದೇ, ನೋಡಿದಷ್ಟೂ ತಣಿಯದು. ಆದರೆ ಅಂತಹ ನಡೆಗೆ ಲೈನ್‌ಔಟ್ ಎಸೆತ, ಜಿಗಿತ, ಕ್ಷಣದ ಲೆಕ್ಕ ಎಲ್ಲವೂ ಕೂಡಬೇಕು. ನಮ್ಮಂಥ ತಂಡಗಳು ಸಿಗುವ ಅಲ್ಪ ಸಮಯವನ್ನು ಅದರ ಮೇಲೆ ಸುರಿಯುವುದು ಸಲ್ಲದು.

ನಮ್ಮ ದೇಶದ ಮಾತನ್ನೂ ಆಡಲೇಬೇಕು. 2016ರಲ್ಲಿ ಏಳು ಜನರ ರಗ್ಬಿ ಒಲಿಂಪಿಕ್ಸ್ ಸೇರಿದ ಮೇಲೆ ಇಲ್ಲಿನ ಗಮನ ಅತ್ತ ವಾಲಿದೆ. ಅದು ಸಹಜ. ಆದರೆ ಅಷ್ಟೇ ಅಗಲದ ಮೈದಾನದಲ್ಲಿ ಏಳೇ ಜನ ಆಡುವಾಗ ಜಾಗ ತಾನಾಗಿ ಸಿಗುತ್ತದೆ. ಹದಿನೈದು ಜನರ ಆಟದಲ್ಲಿ ಜಾಗವನ್ನು ರಕ್‌ನಿಂದ ರಕ್‌ಗೆ ಗಳಿಸಬೇಕು. ಭಾರತದ ಮಹಿಳೆಯರ ಹದಿನೈದರ ತಂಡ ಮೊದಲ ಬಾರಿಗೆ ಕಣಕ್ಕಿಳಿದದ್ದು 2018ರಲ್ಲಿ. ಮರುವರ್ಷವೇ ಮನಿಲಾದಲ್ಲಿ ಸಿಂಗಪುರವನ್ನು 21–19ರಿಂದ ಸೋಲಿಸಿತು. ಪ್ರತಿಭೆಗೆ ಕೊರತೆಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಸನ್‌ವುಲ್ವ್ಸ್ ನಮಗೆ ಬೇಡ, ಅಷ್ಟು ಹಣವೂ ಇಲ್ಲ. ಭುವನೇಶ್ವರದಲ್ಲಿ, ಕೋಲ್ಕತ್ತದಲ್ಲಿ, ಮುಂಬೈನಲ್ಲಿ, ಬೆಂಗಳೂರಿನಲ್ಲಿ ಕಲಿಸುವವರು ಒಂದೇ ಏರ್ಪಾಡನ್ನು, ಒಂದೇ ಕೂಗುಗಳನ್ನು ಒಪ್ಪಿಕೊಂಡರೆ ರಾಷ್ಟ್ರೀಯ ತಂಡದ ಶಿಬಿರದ ಮೊದಲ ವಾರ ಉಳಿಯುತ್ತದೆ. ಇದಕ್ಕೆ ಖರ್ಚಿಲ್ಲ, ಕೂತು ಮಾತಾಡಿದರೆ ಸಾಕು. ಸಿಕ್ಕ ತರಬೇತುದಾರರ ಬಳಿಯೆಲ್ಲ ನಾನು ಇದನ್ನೇ ಹೇಳುತ್ತಿದ್ದೇನೆ.

ಈಗ ನಾವು ಕೈಹಾಕಿರುವುದು ಕಿಕ್‌ಗೆ. ಬ್ರೌನ್ ಅವರ ಜಪಾನ್ ಆರಂಭದ ವರ್ಷಗಳಲ್ಲಿ ಚೆಂಡನ್ನು ಎತ್ತರಕ್ಕೆ ಒದ್ದು, ಅದಕ್ಕಾಗಿ ಸೆಣಸಿ, ಎದುರಾಳಿಯ ಸಾಲು ಚದುರಿದಾಗ ನುಗ್ಗುತ್ತಿತ್ತು. ಮಳೆಗಾಲದಲ್ಲಿ ನಮ್ಮ ಕೆಮ್ಮಣ್ಣಿನ ಮೈದಾನ ಜಾರುವಾಗ, ಚೆಂಡು ಕೈಯಲ್ಲಿ ನಿಲ್ಲದಾಗ, ನಮಗೂ ಈ ಆಯುಧ ಬೇಕು. ಅಲ್ಲಿಯೂ ನೋಟ್‌ಬುಕ್‌ನ ಪ್ರಶ್ನೆ ಅದೇ: ಚೆಂಡು ಕೆಳಗಿಳಿಯುವ ಹೊತ್ತಿಗೆ ಅದರ ಸುತ್ತ ನಮ್ಮವರು ಎಷ್ಟು ಜನ?

ನೀವೂ ಒಂದು ತಂಡ ಕಟ್ಟುತ್ತಿದ್ದರೆ ಯೋಕೊಹಾಮಾ ಪಂದ್ಯದ ಮೊದಲಾರ್ಧವನ್ನು ಹಾಕಿಕೊಳ್ಳಿ. ಜಪಾನಿನ ಪ್ರತಿ ರಕ್‌ನಲ್ಲೂ ಚೆಂಡು ಹೊರಬರುವ ಕ್ಷಣಕ್ಕೆ ನಿಲ್ಲಿಸಿ, ಎದ್ದು ನಿಂತವರನ್ನು ಎಣಿಸಿ ಬರೆದುಕೊಳ್ಳಿ. ಅದೇ ಎಣಿಕೆಯನ್ನು ನಿಮ್ಮ ತಂಡದ ಕಳೆದ ಪಂದ್ಯಕ್ಕೂ ಮಾಡಿ, ಎರಡೂ ಹಾಳೆಗಳನ್ನು ಆಟಗಾರರ ಕೈಗೆ ಕೊಡಿ.