ಆಷಾಢದಲ್ಲಿ ಗೋಕರ್ಣ: ಒಂದು ವಾರ, ಒಂದು ಜೀನ್ಸ್ ಪ್ಯಾಂಟು

ದಾವಣಗೆರೆಯಲ್ಲಿ ನಮ್ಮದು ಸಣ್ಣ ಬಟ್ಟೆ ಅಂಗಡಿ. ಆಷಾಢ ಬಂತೆಂದರೆ ಮದುವೆ ಇಲ್ಲ, ಜವಳಿ ಇಲ್ಲ. ಗಲ್ಲಾ ಮುಂದೆ ಕೂತು ನೊಣ ಹೊಡೆಯೋದೇ ಕೆಲಸ. ನನಗೆ ರಜೆ ಸಿಗುವುದು ಆಗ ಮಾತ್ರ. ಹಾಗಾಗಿ ಜುಲೈನಲ್ಲಿ ನಾನು, ನನ್ನ ಹೆಂಡತಿ ಒಂದು ವಾರಕ್ಕೆ ಗೋಕರ್ಣದ ದಾರಿ ಹಿಡಿದೆವು.

'ಮಳೆಗಾಲದಾಗ ಸಮುದ್ರಕ್ಕಾ?' ಅಂತ ಅತ್ತೆ ಬೈದರು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಟಿವಿಯಲ್ಲಿ ನೋಡಿದವರು. ಅವರ ಭಯ ಸುಳ್ಳಲ್ಲ. ಶಿರಸಿ ಮೇಲಿನ ದೇವಿಮನೆ ಘಟ್ಟದ ಗೊಡವೆ ಬೇಡ ಅಂತ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಅಂಕೋಲಾಕ್ಕೆ ಇಳಿದೆವು. ಅದೂ ಹಗಲು ಹೊತ್ತಿನ ಬಸ್ಸಲ್ಲಿ. ಶಿರೂರು ದಾಟುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಮೊದಲ ತಪ್ಪು ರೂಮಿನದು. ಫೋಟೋದಲ್ಲಿ ಕಿಟಕಿಯಾಚೆ ಸಮುದ್ರ ಕಂಡಿತು, ಮೊದಲೇ ದುಡ್ಡು ಕಟ್ಟಿಬಿಟ್ಟೆ. ಹೋಗಿ ನೋಡಿದರೆ ಗೋಡೆ ಒದ್ದೆ, ಹಾಸಿಗೆ ತಣ್ಣಗೆ, ತಲೆದಿಂಬಿಗೆ ಬೂಷ್ಟಿನ ವಾಸನೆ. ಮರುದಿನವೇ ಕೋಟಿತೀರ್ಥ ಕೆರೆಯ ಹತ್ತಿರ ಒಂದು ಹಳೇ ಹಂಚಿನ ಮನೆಗೆ ಹೋದೆವು. ಮಳೆಗಾಲದಲ್ಲಿ ಅಲ್ಲಿ ರೂಮುಗಳು ಖಾಲಿಯೇ ಇರುತ್ತವೆ. ಒಂದು ರಾತ್ರಿ ಮಲಗಿ ನೋಡಿ, ಆಮೇಲೆ ವಾರದ ಬಾಡಿಗೆ ಮಾತಾಡಿ.

ಎರಡನೇ ತಪ್ಪು ಜೀನ್ಸ್. ಬಟ್ಟೆ ಅಂಗಡಿಯವನೇ ಇಂಥ ತಪ್ಪು ಮಾಡಿದೆ ಅಂದ್ರೆ ನಗು ಬರುತ್ತೆ. ಮೊದಲ ದಿನ ನೆನೆದದ್ದನ್ನು ಜಗಲಿ ಮೇಲೆ ಹರವಿದೆ. ಮೂರನೇ ದಿನವೂ ಹಿಂಡಿದರೆ ನೀರು. ನಮ್ಮೂರಲ್ಲಿ ವರ್ಷಕ್ಕೆ ಬೀಳುವುದು ಸುಮಾರು 650 ಮಿಲಿಮೀಟರ್ ಮಳೆ. ಕರಾವಳಿಯಲ್ಲಿ ಅದು 3000 ದಾಟುತ್ತದೆ. ಗಾಳಿಯೇ ಒದ್ದೆ, ಬಟ್ಟೆ ಒಣಗುವುದಾದರೂ ಹೇಗೆ?

ಮನೆಯ ಅಮ್ಮ ನೋಡಿ ನಕ್ಕರು. 'ಅದು ಹಾಂಗೆ ಒಣಗೂದಿಲ್ಲ ತಮಾ' ಅಂತ ಬಚ್ಚಲಿಗೆ ಕರೆದುಕೊಂಡು ಹೋದರು. ಹಂಡೆ ಒಲೆಗೆ ತೆಂಗಿನ ಸಿಪ್ಪೆ ತುರುಕಿದ್ದರು. ಮೇಲೆ, ಕೈಗೆ ಎಟುಕುವಷ್ಟು ಎತ್ತರದಲ್ಲಿ, ಗೋಡೆಯಿಂದ ಗೋಡೆಗೆ ಹಗ್ಗ. ಪ್ಯಾಂಟಿನ ಜೇಬುಗಳನ್ನು ಹೊರಗೆಳೆದು, ಒಳಗಿನ ಮೈ ಹೊರಗೆ ಮಾಡಿ, ಸೊಂಟದ ಕಡೆ ಮೇಲೆ ಬರುವಂತೆ ನೇತುಹಾಕಿಸಿದರು. ಬೆಳಗ್ಗೆ ಒಣಗಿತ್ತು. ಹೊಗೆ ವಾಸನೆ ಬಂತು ನಿಜ, ಬೂಷ್ಟಿಗಿಂತ ಎಷ್ಟೋ ವಾಸಿ. ಆಮೇಲೆ ನಾನು ತೊಟ್ಟಿದ್ದು ತೆಳು ಲುಂಗಿ, ರಬ್ಬರ್ ಚಪ್ಪಲಿ ಅಷ್ಟೇ.

ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಕುಡ್ಲೆ ಬೀಚಿನಲ್ಲಿ ಪಾದ ನೆನೆಯುವಷ್ಟು ನೀರಲ್ಲಿ ನಿಂತಿದ್ದೆ. ಅಲೆ ವಾಪಸ್ ಹೋಗುವಾಗ ಹಿಮ್ಮಡಿ ಕೆಳಗಿನ ಮರಳನ್ನೇ ಎಳೆದುಕೊಂಡಿತು. ಹಿಂದೆ ಸರಿದವನು ಮತ್ತೆ ಮುಂದೆ ಹೋಗಲಿಲ್ಲ. ಆಗ ನೀರು ನೀಲಿ ಇರುವುದಿಲ್ಲ, ನಮ್ಮ ಭದ್ರಾ ಕಾಲುವೆಗೆ ಹೊಸ ನೀರು ಬಿಟ್ಟ ಹಾಗೆ ಕೆಂಪು. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ ನದಿಗಳು ಘಟ್ಟದ ಮಣ್ಣು ತಂದು ಸುರಿಯುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ತದಡಿ ಬಂದರಿನಲ್ಲಿ ಬೋಟುಗಳು ಸುಮ್ನೆ ಕಟ್ಟಿಹಾಕಿದ್ದವು.

ಮಳೆ ಬಿಟ್ಟ ಒಂದು ಮಧ್ಯಾಹ್ನ ಮಿರ್ಜಾನ್ ಕೋಟೆಗೆ ಹೋದೆವು. ಕೆಂಪು ಕಲ್ಲಿನ ಗೋಡೆಯೆಲ್ಲ ಪಾಚಿಯಿಂದ ಹಸಿರಾಗಿತ್ತು, ಕಾಲಿಟ್ಟರೆ ಜಾರುತ್ತಿತ್ತು. ಉಳಿದ ದಿನ ಜಗಲಿ, ತಂಬುಳಿ, ಪತ್ರೊಡೆ, ನಿದ್ದೆ.

ಊರಿಂದ ಒಯ್ದ ಮಂಡಕ್ಕಿ ಎರಡೇ ದಿನಕ್ಕೆ ಹತ್ತಿಯ ಹಾಗೆ ಮೆತ್ತಗಾಗಿತ್ತು. ಬಿಸಾಡಲು ಹೊರಟಿದ್ದೆ. ಅಮ್ಮ ಕಸಿದುಕೊಂಡು ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿದರು. ಗರಿಗರಿ! ತೆಂಗಿನೆಣ್ಣೆ, ಕಾಯಿತುರಿ, ಹಸಿಮೆಣಸು ಹಾಕಿ ಕಲಸಿದರು. ನಮ್ಮೂರ ಮಿರ್ಚಿ ಇದ್ದಿದ್ದರೆ ಅನ್ನಿಸಿತು, ಅದು ಬಿಡಿ. ಮುಂದಿನ ಆಷಾಢಕ್ಕೆ ರೂಮು ಹೇಳಿಟ್ಟು ಬಂದಿದ್ದೇವೆ. ಮುಂಗಡ ದುಡ್ಡು ಬೇಡವಂತೆ, ಒಂದು ಚೀಲ ಮಂಡಕ್ಕಿ ತರಬೇಕಂತೆ.